ಗಂಡಸರ ಎದೆ ಉಬ್ಬಿಗೆ ಯಾವ ಆಪರೇಷನ್? ಕೊಡಗಿನಿಂದ ಹೊರಡುವ ಮೊದಲು ನೋಡಿಕೊಳ್ಳಬೇಕಾದ್ದು

ತುಲಾ ಸಂಕ್ರಮಣದ ದಿನ ಭಾಗಮಂಡಲದ ಸಂಗಮದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗಂಡಸರೆಲ್ಲ ಅಂಗಿ ಬಿಚ್ಚಿ ನೀರಿಗೆ ಇಳಿಯುತ್ತಾರೆ. ನಡುವೆ ಒಬ್ಬಿಬ್ಬರು ಹುಡುಗರು ಟೀ ಶರ್ಟ್ ಹಾಕಿಕೊಂಡೇ ಮುಳುಗುತ್ತಾರೆ. ಚಳಿ ಇರಬೇಕು ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಮೇಲೆ ಬಂದ ತಕ್ಷಣ ಒದ್ದೆ ಬಟ್ಟೆ ಎದೆಗೆ ಅಂಟದ ಹಾಗೆ ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆಯುತ್ತಾರಲ್ಲ, ಆಗ ನನಗೆ ವಿಷಯ ಗೊತ್ತಾಗಿಬಿಡುತ್ತದೆ. ಹದಿನಾಲ್ಕನೇ ವಯಸ್ಸಿನಿಂದ ಇಪ್ಪತ್ತಾರರವರೆಗೆ ನಾನೂ ಹಾಗೇ ಎಳೆಯುತ್ತಿದ್ದೆ.

ಗಂಡಸರ ಎದೆ ಹೀಗೆ ಉಬ್ಬುವುದಕ್ಕೆ ಡಾಕ್ಟರುಗಳು ಗೈನಕೊಮಾಸ್ಟಿಯಾ ಅನ್ನುತ್ತಾರೆ. ಹುಡುಗರ ಬಾಯಲ್ಲಿ ‘ಗೈನೋ’. ನನಗೆ ಇದಕ್ಕೆ ಎರಡು ಸಲ ಆಪರೇಷನ್ ಆಗಿದೆ. ಮೊದಲ ಸಲವೇ ಸರಿಯಾದದ್ದನ್ನು ಆರಿಸಿದ್ದರೆ ಎರಡನೆಯದು ಬೇಕಿರಲಿಲ್ಲ. ಅದು ಗೊತ್ತಿರುವವರು ಈಗ ನನ್ನನ್ನು ಕೇಳುತ್ತಾರೆ. ಈ ವರ್ಷ ಮೂವರು ಕೇಳಿದರು. ಒಬ್ಬ ಸೋಮವಾರಪೇಟೆಯಲ್ಲಿರುವ ನನ್ನ ಅಕ್ಕನ ಮಗ, ಹದಿನಾಲ್ಕು ವರ್ಷ. ಇನ್ನೊಬ್ಬ ಗೋಣಿಕೊಪ್ಪಲಿನ ಹುಡುಗ, ಇಪ್ಪತ್ತು ವರ್ಷ, ಸೇನೆಗೆ ಸೇರಲು ದಿನಾ ಬೆಳಿಗ್ಗೆ ಓಡುತ್ತಾನೆ. ಮೂರನೆಯವರು ಸುಂಟಿಕೊಪ್ಪದ ಹತ್ತಿರದ ಕಾಫಿ ಬೆಳೆಗಾರರು. ವಯಸ್ಸು ನಲವತ್ತು ದಾಟಿದೆ, ಎರಡು ವರ್ಷದಲ್ಲಿ ಇಪ್ಪತ್ತೆರಡು ಕೆಜಿ ಇಳಿಸಿದ್ದಾರೆ. ಮೂವರದ್ದೂ ಒಂದೇ ಪ್ರಶ್ನೆ: ಯಾವ ಆಪರೇಷನ್ ಒಳ್ಳೆಯದು?

ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ನಾನು ವೈದ್ಯನಲ್ಲ. ಆದರೆ ಸರ್ಜನ್ ಎದುರು ಕೂರುವ ಮೊದಲು ಏನು ತಿಳಿದುಕೊಂಡಿರಬೇಕು ಅನ್ನುವುದನ್ನು ಕಷ್ಟಪಟ್ಟು ಕಲಿತಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಆಪರೇಷನ್ನಿನ ಹೆಸರು, ಮಷೀನಿನ ಹೆಸರು, ರೇಟು, ಇವೆಲ್ಲ ಆಮೇಲೆ. ಮೊದಲು ನಿಮ್ಮ ಎದೆಯಲ್ಲಿ ಇರುವುದೇನು ಅಂತ ಗೊತ್ತಾಗಬೇಕು. ಅದು ಗ್ರಂಥಿಯೋ, ಕೊಬ್ಬೋ, ಎರಡೂ ಸೇರಿದ್ದೋ? ಮುಕ್ಕಾಲು ಪಾಲು ತೀರ್ಮಾನ ಇದರಲ್ಲೇ ಆಗಿಹೋಗುತ್ತದೆ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಅಂಗಾತ ಮಲಗಿ. ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಪಕ್ಕದಲ್ಲಿಟ್ಟು ನಿಧಾನಕ್ಕೆ ತೊಟ್ಟಿನ ಕಡೆಗೆ ತನ್ನಿ. ತೊಟ್ಟಿನ ಕೆಳಗೆ ರಬ್ಬರಿನ ಹಾಗೆ ಗಟ್ಟಿಯಾದ, ಅಂಚು ಇರುವ ಒಂದು ಬಿಲ್ಲೆ ಬೆರಳಿಗೆ ಸಿಕ್ಕಿದರೆ ಅದು ಗ್ರಂಥಿ. ಏನೂ ತಡೆಯದೆ ಬೆರಳುಗಳು ಮೆತ್ತಗೆ ತೊಟ್ಟಿನವರೆಗೆ ಬಂದರೆ ಬರೀ ಕೊಬ್ಬು. ಡಾಕ್ಟರೂ ಮೊದಲು ಮಾಡುವ ಪರೀಕ್ಷೆ ಇದೇ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ.

ಎರಡನೆಯದು ಚರ್ಮ. ಬಿಗಿಯಾಗಿದೆಯೋ, ಜೋಲುಬಿದ್ದಿದೆಯೋ? ಸರ್ಜನ್‌ಗಳು 1973ರಲ್ಲಿ ಬಂದ ಸೈಮನ್ ಅವರ ವಿಂಗಡಣೆಯನ್ನು ಈಗಲೂ ಬಳಸುತ್ತಾರೆ. ಸಣ್ಣ ಉಬ್ಬು, ಚರ್ಮ ಸರಿ ಇದ್ದರೆ ಗ್ರೇಡ್ 1. ಮಧ್ಯಮ ಉಬ್ಬಾಗಿ ಚರ್ಮ ಸರಿ ಇದ್ದರೆ 2ಎ, ಅದೇ ಉಬ್ಬಿಗೆ ಹೆಚ್ಚುವರಿ ಚರ್ಮ ಸೇರಿದರೆ 2ಬಿ. ದೊಡ್ಡ ಉಬ್ಬು, ಜೋತುಬಿದ್ದ ಚರ್ಮ ಇದ್ದರೆ 3. ನಿಮ್ಮದು ಯಾವ ಗ್ರೇಡ್ ಅಂತ ಬಾಯಿಬಿಟ್ಟು ಕೇಳಿ. ಹೇಳದ ಸರ್ಜನ್ ಹತ್ತಿರ ರೇಟು ಮಾತಾಡಬೇಡಿ.

ಉಳಿದವು ನಿಮ್ಮ ಬದುಕಿಗೆ ಸೇರಿದವು. ಕಲೆ ಎಷ್ಟು ಕಂಡರೆ ನಿಮಗೆ ಪರವಾಗಿಲ್ಲ? ಎಷ್ಟು ದಿನ ಭಾರ ಎತ್ತದೆ ಇರಬಲ್ಲಿರಿ? ಸರ್ಜನ್ ಇರುವ ಊರಿಗೆ ಎಷ್ಟು ಸಲ ಹೋಗಿಬರಬಲ್ಲಿರಿ? ಕೈಯಲ್ಲಿ ಎಷ್ಟಿದೆ? ಬೆಂಗಳೂರಿನವರಿಗೆ ಮೂರನೆಯ ಪ್ರಶ್ನೆ ದೊಡ್ಡದಲ್ಲ. ನಮಗೆ ಅದೇ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಪರೇಷನ್ ಬೇಡದವರು, ಈಗಲೇ ಬೇಡದವರು

ಅಕ್ಕನ ಮಗ ಒಂದು ಸಂಜೆ ಫೋನ್ ಮಾಡಿ, “ಮಾವ, ರಜೆಯಲ್ಲೇ ಮಾಡಿಸಿಬಿಡಲಾ?” ಅಂದ. ಹಾಸ್ಟೆಲಿನಲ್ಲಿ ಯಾರೋ ಏನೋ ಅಂದಿದ್ದಾರೆ. ದನಿಯಲ್ಲೇ ಗೊತ್ತಾಗುತ್ತಿತ್ತು. ಅವನಿಗೆ ನಾನು ಹೇಳಿದ್ದು: ಈಗ ಬೇಡ ಕಂದಾ.

ಹದಿಹರೆಯದಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಎದೆ ಸ್ವಲ್ಪವಾದರೂ ಉಬ್ಬುತ್ತದೆ. ಹಾರ್ಮೋನುಗಳ ಏರುಪೇರು ಕಾರಣ. ಗಂಡಸರ ಮೈಯಲ್ಲೂ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇರುತ್ತದೆ. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಅದನ್ನು ಪೂರ್ತಿ ಸರಿದೂಗಿಸುವವರೆಗೆ ಎದೆಯ ಗ್ರಂಥಿ ಬೆಳೆಯುತ್ತದೆ. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗೇ ಇಳಿಯುತ್ತದೆ. ಹಾಗಾಗಿ ಬೆಳವಣಿಗೆ ಮುಗಿಯುವವರೆಗೆ ಸರ್ಜನ್‌ಗಳು ಸಾಮಾನ್ಯವಾಗಿ ಕತ್ತಿ ಹಿಡಿಯುವುದಿಲ್ಲ. ಮೊದಲೇ ಮಾಡಿಸಿದರೆ ಉಳಿದ ಚೂರು ಮತ್ತೆ ಬೆಳೆಯಬಹುದು. ಉಬ್ಬು ವಿಪರೀತ ದೊಡ್ಡದಿದ್ದು ಹುಡುಗ ಶಾಲೆಗೇ ಹೋಗದ ಸ್ಥಿತಿಗೆ ಬಂದರೆ ಮಾತು ಬೇರೆ. ಕಾಯುವುದು ಅಂದರೆ ಸುಮ್ನೆ ಕೂರುವುದು ಅಂತಲೂ ಅಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿ, ಆರು ತಿಂಗಳಿಗೊಮ್ಮೆ ಅಳತೆ ನೋಡಿಸಬೇಕು. ಮನೆಯವರು ‘ದಪ್ಪ ಆಗಿದ್ದೀಯ, ಕಮ್ಮಿ ತಿನ್ನು’ ಅನ್ನುವುದನ್ನು ನಿಲ್ಲಿಸಬೇಕು. ತೆಳ್ಳಗಿನ ಹುಡುಗರಿಗೂ ಇದು ಬರುತ್ತದೆ.

ಮಾತ್ರೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಟಾಮೊಕ್ಸಿಫೆನ್ ಅನ್ನುವ ಮಾತ್ರೆಯನ್ನು ಕೆಲವರಿಗೆ ಕೆಲವು ತಿಂಗಳು ಕೊಡುತ್ತಾರೆ. ಉಬ್ಬು ಹೊಸದಾಗಿದ್ದು, ನೋವಿದ್ದಾಗ ಅದು ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಒಂದು ವರ್ಷ ದಾಟಿದ ಗ್ರಂಥಿ ನಾರಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ಮೆಡಿಕಲ್ ಶಾಪಿನಲ್ಲಿ ತಾನಾಗೇ ಕೇಳಿ ತೆಗೆದುಕೊಳ್ಳುವ ಮಾತ್ರೆ ಇದಲ್ಲ.

ದೊಡ್ಡವರಲ್ಲಿ ಹೊಸದಾಗಿ ಎದೆ ಉಬ್ಬಿದರೆ ಕಾರಣ ಹುಡುಕದೆ ಆಪರೇಷನ್ ಮಾಡಿಸಬಾರದು. ಬಿಪಿ, ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಇಂಥ ಔಷಧಿಗಳಿಂದ ಬರಬಹುದು. ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಬರಬಹುದು. ಕುಡಿತದಿಂದ ಲಿವರ್ ಕೆಟ್ಟಾಗಲೂ ಬರುತ್ತದೆ. ಥೈರಾಯ್ಡ್, ಕಿಡ್ನಿ ತೊಂದರೆಯಿಂದಲೂ, ಅಪರೂಪಕ್ಕೆ ವೃಷಣದ ಗೆಡ್ಡೆಯಿಂದಲೂ ಬರುವುದುಂಟು. ಕಾರಣ ಹಾಗೇ ಇದ್ದರೆ ಆಪರೇಷನ್ ಆದ ಮೇಲೂ ಎದೆ ಮತ್ತೆ ಉಬ್ಬಬಹುದು. ಔಷಧಿಯೇ ಕಾರಣ ಅನಿಸಿದರೂ ನೀವಾಗೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಒಂದೇ ಕಡೆ ಗಟ್ಟಿ ಗಂಟು, ಅದೂ ತೊಟ್ಟಿನ ನೇರ ಕೆಳಗಲ್ಲದೆ ಪಕ್ಕದಲ್ಲಿ, ತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದುಕೊಂಡಿರುವುದು, ಕಂಕುಳಲ್ಲಿ ಗಂಟು. ಇವುಗಳಲ್ಲಿ ಯಾವುದೊಂದಿದ್ದರೂ ಈ ಬರಹ ಬದಿಗಿಟ್ಟು ಈ ವಾರವೇ ಆಸ್ಪತ್ರೆಗೆ ಹೋಗಿ. ಸ್ತನ ಕ್ಯಾನ್ಸರ್ ಗಂಡಸರಿಗೆ ಬರುವುದು ಕಮ್ಮಿ, ಒಟ್ಟು ಪ್ರಕರಣಗಳಲ್ಲಿ ನೂರಕ್ಕೆ ಒಂದರಷ್ಟು. ಆದರೂ ಬರುತ್ತದೆ.

ಬರೀ ಲೈಪೊಸಕ್ಷನ್

ಕಂಕುಳ ಹತ್ತಿರ ಅಥವಾ ಎದೆಯ ಕೆಳಗಿನ ಮಡಿಕೆಯಲ್ಲಿ ಮೂರು ನಾಲ್ಕು ಮಿಲಿಮೀಟರಿನ ತೂತು. ಅದರೊಳಗೆ ಉಪ್ಪುನೀರು, ಮರಗಟ್ಟಿಸುವ ಲಿಗ್ನೊಕೇನ್, ರಕ್ತ ಕಮ್ಮಿ ಸುರಿಯಲೆಂದು ಅಡ್ರಿನಾಲಿನ್ ಸೇರಿಸಿದ ದ್ರವ ತುಂಬುತ್ತಾರೆ. ಆಮೇಲೆ ಸಣ್ಣ ಕೊಳವೆಯಿಂದ ಕೊಬ್ಬನ್ನು ಎಳೆಯುತ್ತಾರೆ. ಕಲೆ ಕಾಣುವುದೇ ಇಲ್ಲ ಅನ್ನಬಹುದು. ನಾಲ್ಕೈದು ದಿನದಲ್ಲಿ ಮೇಜಿನ ಕೆಲಸಕ್ಕೆ ಹೋಗಬಹುದು. ಖರ್ಚೂ ಉಳಿದವುಗಳಿಗಿಂತ ಸಾಮಾನ್ಯವಾಗಿ ಕಮ್ಮಿ.

ಎದೆಯಲ್ಲಿ ಇರುವುದು ಬರೀ ಕೊಬ್ಬಾಗಿದ್ದು ಚರ್ಮ ಬಿಗಿ ಇದ್ದರೆ ಇದು ತುಂಬಾ ಒಳ್ಳೆಯ ಆಯ್ಕೆ. ಅಂಥವರು ಮೊದಲು ತೂಕ ಇಳಿಸಿ ನೋಡುವುದು ಇನ್ನೂ ಒಳ್ಳೆಯದು. ಎಷ್ಟೋ ಜನಕ್ಕೆ ಅಲ್ಲಿಗೇ ಮುಗಿಯುತ್ತದೆ.

ನನ್ನದು ಕೊಬ್ಬು ಮಾತ್ರ ಆಗಿರಲಿಲ್ಲ. ಆದರೂ ನನಗೆ ಮೊದಲು ಮಾಡಿದ್ದು ಇದನ್ನೇ. ಒಂದು ದೊಡ್ಡ ಊರಿನ ಕ್ಲಿನಿಕ್ಕಿನಲ್ಲಿ “ಕಲೆನೇ ಇರಲ್ಲ, ಸಂಜೆಗೆ ಮನೆ” ಅಂದರು. ಹತ್ತು ನಿಮಿಷದ ತಪಾಸಣೆ, ಅದೂ ಅಂಗಿಯ ಎರಡು ಗುಂಡಿ ಬಿಚ್ಚಿಸಿ ನೋಡಿದ್ದಷ್ಟೆ. ಮಲಗಿಸಿ ಬೆರಳಲ್ಲಿ ಹಿಡಿದು ನೋಡಲೇ ಇಲ್ಲ. ಮೂರು ತಿಂಗಳಾಗಿ ಊತ ಇಳಿದ ಮೇಲೆ ಕನ್ನಡಿ ಮುಂದೆ ನಿಂತೆ. ಸುತ್ತಲ ಕೊಬ್ಬು ಹೋಗಿತ್ತು, ನಡುವಿನ ಬಿಲ್ಲೆ ಹಾಗೇ ಇತ್ತು. ಸುತ್ತ ಚಪ್ಪಟೆ ಆಗಿದ್ದಕ್ಕೆ ತೊಟ್ಟು ಮೊದಲಿಗಿಂತ ಚೂಪಾಗಿ ಎದ್ದು ಕಾಣುತ್ತಿತ್ತು. ಆ ದಿನ ನಾನು ಅತ್ತಿದ್ದು ನಿಜ.

ಆದ್ದರಿಂದ ಬಿಲ್ಲೆ ಬೆರಳಿಗೆ ಸಿಗುತ್ತಿದ್ದರೆ ‘ಬರೀ ಲೈಪೊ’ ಅನ್ನುವವರ ಮಾತಿಗೆ ಒಪ್ಪುವ ಮೊದಲು ಇನ್ನೊಬ್ಬ ಸರ್ಜನ್ನಿಗೆ ತೋರಿಸಿ. ವೇಸರ್, ಲೇಸರ್, ಪವರ್ ಅಸಿಸ್ಟೆಡ್ ಅಂತ ಮಷೀನುಗಳ ಹೆಸರು ಹೇಳಿ ರೇಟು ಏರಿಸುವುದುಂಟು. ಅಲ್ಟ್ರಾಸೌಂಡ್ ಬಳಸುವ ವೇಸರ್‌ಗೆ ನಾರು ಸೇರಿದ ಗಟ್ಟಿ ಕೊಬ್ಬನ್ನು ಸಡಿಲಿಸುವ ಶಕ್ತಿ ಇದೆ, ನಿಜ. ಆದರೆ ಗಟ್ಟಿಯಾದ ಹಳೆಯ ಗ್ರಂಥಿಗೆ ಅದು ಬದಲಿ ಅಲ್ಲ. ಮಷೀನಿಗಿಂತ ಅದನ್ನು ಹಿಡಿದ ಕೈ ಮುಖ್ಯ.

ಗ್ರಂಥಿ ತೆಗೆಯುವುದು

ತೊಟ್ಟಿನ ಸುತ್ತಲಿನ ಕಪ್ಪು ವೃತ್ತ ಇದೆಯಲ್ಲ, ಅದರ ಕೆಳ ಅಂಚಿನಲ್ಲೇ ಅರ್ಧಚಂದ್ರದ ಹಾಗೆ ಕುಯ್ದು ಗ್ರಂಥಿಯನ್ನು ನೇರವಾಗಿ ತೆಗೆಯುತ್ತಾರೆ. 1946ರಲ್ಲಿ ವೆಬ್‌ಸ್ಟರ್ ಅನ್ನುವ ಸರ್ಜನ್ ವಿವರಿಸಿದ ಕುಯ್ತ ಇದು, ಈಗಲೂ ಹೆಚ್ಚಿನ ಕಡೆ ಇದೇ ನಡೆಯುತ್ತದೆ. ಕಪ್ಪು ಚರ್ಮ ಮುಗಿದು ತಿಳಿ ಚರ್ಮ ಶುರುವಾಗುವ ಗೆರೆಯಲ್ಲೇ ಹೊಲಿಗೆ ಕೂರುವುದರಿಂದ ಕಲೆ ಅದರೊಳಗೆ ಬೆರೆತುಹೋಗುತ್ತದೆ. ನನ್ನದು ಒಂದು ವರ್ಷದ ಮೇಲೆ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಬಿಳಿ ಎಳೆ ಆಯಿತು. ಗಾಯ ಆದಲ್ಲೆಲ್ಲ ಕೆಂಪಗೆ ದಪ್ಪ ಕಲೆ ಏಳುವ ಮೈಗುಣ ಇರುವವರು, ಅಂದರೆ ಕೀಲಾಯ್ಡ್ ಇರುವವರು, ಅದನ್ನು ಮೊದಲೇ ಹೇಳಬೇಕು.

ತೆಗೆದದ್ದನ್ನು ನನಗೆ ಬಾಟಲಿಯಲ್ಲಿ ತೋರಿಸಿದರು. ಹೆಚ್ಚಿದ ಕಣಿಲೆಯ (ಎಳೆ ಬಿದಿರಿನ) ಹೋಳಿನ ಹಾಗೆ ಬೆಳ್ಳಗೆ, ಗಟ್ಟಿಗೆ, ಅಂಚಿಗೆ ಸ್ವಲ್ಪ ಹಳದಿ ಕೊಬ್ಬು. ಇದನ್ನು ಕೊಳವೆಯಲ್ಲಿ ಹೀರಲು ಹೊರಟಿದ್ದರಲ್ಲ ಅನಿಸಿತು. ಆ ತುಂಡನ್ನು ಬಯಾಪ್ಸಿಗೆ ಕಳಿಸುತ್ತಾರೆ. ಕಳಿಸದಿದ್ದರೆ ನೀವೇ ಕೇಳಿ ಕಳಿಸಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಪೂರ್ತಿ ಕೆರೆದು ತೆಗೆದರೆ ತೊಟ್ಟಿನ ಕೆಳಗೆ ಆಧಾರವೇ ಇಲ್ಲದೆ ತಟ್ಟೆಯ ಹಾಗೆ ಗುಳಿ ಬೀಳುತ್ತದೆ. ಅದನ್ನು ಸರಿಮಾಡುವುದು ಉಬ್ಬು ತೆಗೆಯುವುದಕ್ಕಿಂತ ಕಷ್ಟ. ಅದಕ್ಕೆ ಒಳ್ಳೆಯ ಸರ್ಜನ್ ತೊಟ್ಟಿನ ಹಿಂದೆ ಸುಮಾರು ಒಂದು ಸೆಂಟಿಮೀಟರ್ ದಪ್ಪ ಉಳಿಸುತ್ತಾರೆ. ಆದ್ದರಿಂದ ‘ಪೂರ್ತಿ ತೆಗೀರಿ ಸಾರ್’ ಅಂತ ಒತ್ತಾಯ ಮಾಡಬೇಡಿ. ಕೆಲವು ತಿಂಗಳು ತೊಟ್ಟಿನ ಸುತ್ತ ಜೋಮು ಹಿಡಿದ ಹಾಗಿರುತ್ತದೆ. ಹೆಚ್ಚಿನವರಿಗೆ ಸ್ಪರ್ಶ ಮರಳುತ್ತದೆ, ಕೆಲವರಿಗೆ ಸ್ವಲ್ಪ ಕಮ್ಮಿಯಾಗೇ ಉಳಿಯುತ್ತದೆ.

ತೆಳ್ಳಗಿನ ಮೈ, ಸಣ್ಣ ಬಿಲ್ಲೆ, ಸುತ್ತ ಕೊಬ್ಬಿಲ್ಲ ಅಂದರೆ ಇದೊಂದೇ ಸಾಕು. ಅನುಭವ ಇರುವ ಜನರಲ್ ಸರ್ಜನ್ ಕೂಡ ಚೆನ್ನಾಗಿ ಮಾಡುತ್ತಾರೆ. ಕೈಯಲ್ಲಿ ದುಡ್ಡು ಕಮ್ಮಿ ಇರುವವರಿಗೆ ಇದು ಮುಖ್ಯವಾದ ವಿಷಯ, ಯಾಕೆಂದರೆ ಸರ್ಕಾರಿ ಆಸ್ಪತ್ರೆಯಲ್ಲೂ ಆಗುವಂಥ ಕೆಲಸ ಇದು.

ಎರಡೂ ಸೇರಿಸಿ

ನಮ್ಮ ಕಡೆ ಹೆಚ್ಚಿನವರಿಗೆ ಬೇಕಾಗುವುದು ಇದು ಅಂತ ನನ್ನ ಅನಿಸಿಕೆ. ಮೊದಲು ಲೈಪೊಸಕ್ಷನ್ ಮಾಡಿ ಎದೆಯ ಸುತ್ತಲಿನ ಕೊಬ್ಬನ್ನು ಸಮ ಮಾಡುತ್ತಾರೆ. ಆಮೇಲೆ ಅರ್ಧಚಂದ್ರದ ಕುಯ್ತದಿಂದ ಬಿಲ್ಲೆ ತೆಗೆಯುತ್ತಾರೆ. ಕೆಲವು ಸರ್ಜನ್‌ಗಳು ಲೈಪೊ ಮಾಡಿದ ತೂತಿನಿಂದಲೇ ಗ್ರಂಥಿಯನ್ನು ಚೂರು ಚೂರಾಗಿ ಎಳೆದು ತೆಗೆಯುತ್ತಾರೆ, ಆಗ ತೊಟ್ಟಿನ ಹತ್ತಿರ ಕಲೆಯೇ ಇರುವುದಿಲ್ಲ. ಕೈ ಪಳಗಿದವರಿಗೆ ಮಾತ್ರ ಅದು ಸರಿ. ಬಿಲ್ಲೆ ದೊಡ್ಡದಿದ್ದು ಗಟ್ಟಿಯಾಗಿದ್ದರೆ ನಾನಂತೂ ನೇರ ಕುಯ್ತಕ್ಕೇ ಒಪ್ಪುತ್ತೇನೆ.

ಒಂದರಿಂದ ಎರಡು ಗಂಟೆಯ ಆಪರೇಷನ್. ಪೂರ್ತಿ ಅರಿವಳಿಕೆ ಕೊಡಬಹುದು, ಅಥವಾ ಆ ಜಾಗ ಮಾತ್ರ ಮರಗಟ್ಟಿಸಿ ನಿದ್ದೆ ಬರಿಸಬಹುದು. ಕೆಲವರಿಗೆ ರಕ್ತ, ನೀರು ಹೊರಬರಲು ಒಂದೆರಡು ದಿನ ಸಣ್ಣ ಡ್ರೇನ್ ಪೈಪು ಇಡುತ್ತಾರೆ. ಆಮೇಲೆ ನಾಲ್ಕರಿಂದ ಆರು ವಾರ ಬಿಗಿ ಬನಿಯನ್. ಪೂರ್ತಿ ಆಕಾರ ಕಾಣಲು ಮೂರರಿಂದ ಆರು ತಿಂಗಳು. ಮೊದಲ ತಿಂಗಳು ಎರಡು ಕಡೆ ಒಂದೇ ತರ ಕಾಣದಿದ್ದರೆ ಹೆದರಬೇಡಿ, ಊತ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ.

ಖರ್ಚು ಬರೀ ಲೈಪೊಗಿಂತ ಜಾಸ್ತಿ. ಆದರೆ ಎರಡು ಸಲ ಮಾಡಿಸುವುದಕ್ಕಿಂತ ತುಂಬಾ ಕಮ್ಮಿ. ನನ್ನ ಎರಡು ಬಿಲ್ಲುಗಳನ್ನು ಕೂಡಿಸಿ ನೋಡಿದಾಗ ಗೊತ್ತಾದದ್ದು ಅದೇ.

ಗೋಣಿಕೊಪ್ಪಲಿನ ಹುಡುಗನಿಗೆ ನಾನು ತೋರಿಸಿದ ದಾರಿ ಇದು. ಅವನಿಗೆ ಬಿಲ್ಲೆ ಇದೆ, ಸುತ್ತ ಸ್ವಲ್ಪ ಕೊಬ್ಬೂ ಇದೆ, ಚರ್ಮ ಬಿಗಿ. ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಅಂಗಿ ಬಿಚ್ಚಿಸಿ ನೋಡುವಾಗ ಇದನ್ನೂ ಗಮನಿಸುತ್ತಾರೆ, ಅನ್‌ಫಿಟ್ ಅಂತ ಬರೆಯುವುದೂ ಉಂಟು. ಅವನ ಮಟ್ಟಿಗೆ ಕಲೆಗಿಂತ ಸಮಯ ಮುಖ್ಯ. ಆಪರೇಷನ್ ಆದ ಎಷ್ಟು ದಿನಕ್ಕೆ ಪರೀಕ್ಷೆಗೆ ನಿಲ್ಲಬಹುದು ಅಂತ ಭರ್ತಿ ಕಚೇರಿಯಲ್ಲಿ ಕೇಳಿಕೊಂಡೇ ದಿನ ಗೊತ್ತುಮಾಡಬೇಕು. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ ಎರಡನ್ನೂ ಫೈಲಿನಲ್ಲಿ ಜೋಪಾನವಾಗಿ ಇಡಬೇಕು. ದಂಡ ಹೊಡೆಯುವುದು, ಪುಲ್ ಅಪ್ಸ್ ಎಲ್ಲ ಆರು ವಾರ ಬಂದ್ ಅಂತ ಹೇಳಿದಾಗ ಅವನ ಮುಖ ಬಾಡಿತು. ನಡೆಯುವುದಕ್ಕೆ ಮಾತ್ರ ಎರಡನೇ ದಿನದಿಂದಲೇ ಅಡ್ಡಿಯಿಲ್ಲ.

ಚರ್ಮವನ್ನೂ ತೆಗೆಯುವುದು

ಸುಂಟಿಕೊಪ್ಪದವರ ವಿಷಯ ಬೇರೆ. ತೂಕ ಇಳಿದ ಮೇಲೆ ಎದೆಯ ಚರ್ಮ ಖಾಲಿ ಚೀಲದ ಹಾಗೆ ಜೋತಿದೆ. ಇಂಥ ಕಡೆ ಕೊಬ್ಬು, ಗ್ರಂಥಿ ಎರಡನ್ನು ತೆಗೆದರೆ ಚೀಲ ಇನ್ನಷ್ಟು ಖಾಲಿಯಾಗುತ್ತದೆ. ಚರ್ಮವನ್ನೂ ಕತ್ತರಿಸಬೇಕು.

ಸ್ವಲ್ಪ ಜೋತಿದ್ದರೆ ಕಪ್ಪು ವೃತ್ತದ ಸುತ್ತ ಬಳೆಯಾಕಾರದಲ್ಲಿ ಚರ್ಮ ತೆಗೆದು, ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಹೊಲಿಯುತ್ತಾರೆ. ಕಲೆ ವೃತ್ತದ ಸುತ್ತ ಮಾತ್ರ, ಮೊದಮೊದಲು ನೆರಿಗೆ ನೆರಿಗೆಯಾಗಿ ಕಾಣುತ್ತದೆ. ತುಂಬಾ ಜೋತಿದ್ದರೆ ಎದೆಯ ಕೆಳಗೆ ಅಡ್ಡಕ್ಕೆ ಉದ್ದ ಕುಯ್ತ ಬೇಕಾಗುತ್ತದೆ. ತೊಟ್ಟನ್ನು ಬುಡದ ರಕ್ತನಾಳಗಳ ಸಮೇತ ಮೇಲಕ್ಕೆ ಸರಿಸುತ್ತಾರೆ. ಅದೂ ಆಗದಿದ್ದರೆ ಪೂರ್ತಿ ಬಿಡಿಸಿ ಹೊಸ ಜಾಗದಲ್ಲಿ ಕಸಿ ಮಾಡುತ್ತಾರೆ. ಕಸಿ ಮಾಡಿದ ತೊಟ್ಟಿನಲ್ಲಿ ಸ್ಪರ್ಶ ಬಹುಪಾಲು ಹೋಗುತ್ತದೆ, ಬಣ್ಣ ತಿಳಿಯಾಗಬಹುದು. ಉದ್ದ ಕಲೆ ಜೀವನಪೂರ್ತಿ ಇರುತ್ತದೆ. ಬದಲಿಗೆ ಎದೆ ಚಪ್ಪಟೆಯಾಗುತ್ತದೆ, ಬೆವರಿ ಮಡಿಕೆಯಲ್ಲಿ ತುರಿಸುವುದು ನಿಲ್ಲುತ್ತದೆ, ಅಂಗಿ ಸರಿಯಾಗಿ ಕೂರುತ್ತದೆ. ಕೆಲವರಿಗೆ ಈ ವ್ಯಾಪಾರ ಒಪ್ಪಿಗೆ, ಕೆಲವರಿಗೆ ಇಲ್ಲ. ಎರಡೂ ಸರಿ.

ಮಧ್ಯದ ದಾರಿಯೂ ಇದೆ. ಚರ್ಮ ಹೆಚ್ಚೋ ಕಮ್ಮಿಯೋ ಅನ್ನುವ ಗಡಿಯಲ್ಲಿದ್ದರೆ ಮೊದಲು ಕೊಬ್ಬು, ಗ್ರಂಥಿ ಮಾತ್ರ ತೆಗೆಸಿ. ಆರರಿಂದ ಹನ್ನೆರಡು ತಿಂಗಳು ಕಾದು ನೋಡಿ. ವಯಸ್ಸು ಕಮ್ಮಿ ಇದ್ದರೆ ಚರ್ಮ ತಾನಾಗೇ ಸಾಕಷ್ಟು ಕುಗ್ಗುತ್ತದೆ. ಕುಗ್ಗದಿದ್ದರೆ ಆಗ ಸಣ್ಣದೊಂದು ಎರಡನೇ ಆಪರೇಷನ್. ಇದು ಮೊದಲೇ ಯೋಚಿಸಿ ಒಪ್ಪಿಕೊಂಡ ಎರಡನೇ ಆಪರೇಷನ್, ನನ್ನದರ ಹಾಗಲ್ಲ. ಇನ್ನೂ ತೂಕ ಇಳಿಸುತ್ತಿರುವವರು ಮಾತ್ರ ತೂಕ ಒಂದೇ ಕಡೆ ಆರು ತಿಂಗಳಾದರೂ ನಿಲ್ಲುವವರೆಗೆ ಯಾವುದನ್ನೂ ಮಾಡಿಸಬಾರದು.

ಬೆಟ್ಟದ ಮೇಲಿರುವ ನಮ್ಮ ಲೆಕ್ಕ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ಸ್ವಲ್ಪ ಹೆಚ್ಚು, ಅದೂ ಸಂಪಾಜೆ ಘಾಟಿ ಇಳಿದು. ಬೆಂಗಳೂರು ಇದಕ್ಕೆ ಎರಡರಷ್ಟು ದೂರ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಆಪರೇಷನ್ನಿನ ಮುಖ್ಯ ತೊಂದರೆ ಒಳಗೆ ರಕ್ತ ಕಟ್ಟುವುದು. ಅದು ಹೆಚ್ಚಾಗಿ ಆಗುವುದು ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲಿ. ಒಂದು ಕಡೆ ಎದೆ ಇದ್ದಕ್ಕಿದ್ದಂತೆ ಊದಿ, ಬಿಗಿದು, ನೋವು ಏರುತ್ತದೆ. ಆಗ ತಕ್ಷಣ ಅದೇ ಸರ್ಜನ್ ಹತ್ತಿರ ಹೋಗಬೇಕು. ‘ಡೇ ಕೇರ್, ಸಂಜೆ ಮನೆಗೆ’ ಅನ್ನುವುದು ಆ ಊರಲ್ಲೇ ಮನೆ ಇರುವವರಿಗೆ. ರಾತ್ರಿ ಹನ್ನೊಂದಕ್ಕೆ ತೋಟದ ಮನೆಯಲ್ಲಿ ಎದೆ ಊದಿಕೊಂಡರೆ ಏನು ಮಾಡುತ್ತೀರಿ? ಹಾಗಾಗಿ ಎರಡು ರಾತ್ರಿ ಆ ಊರಲ್ಲೇ ಉಳಿಯುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಹಿಂತಿರುಗುವಾಗ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ಒಂದು ಮೆತ್ತನೆ ದಿಂಬು ಇಟ್ಟುಕೊಳ್ಳಿ. ಗಾಡಿ ನೀವು ಓಡಿಸಬೇಡಿ.

ಮೊದಲ ತಪಾಸಣೆ, ರಕ್ತಪರೀಕ್ಷೆ, ಸ್ಕ್ಯಾನಿಗೆ ಬೆಟ್ಟ ಇಳಿಯಬೇಕಿಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿ ಸರ್ಜರಿ ಓಪಿಡಿಯಲ್ಲಿ ತೋರಿಸಿ, ಕಾರಣ ಏನು, ಗ್ರಂಥಿಯೋ ಕೊಬ್ಬೋ ಅಂತ ಕಾಗದದ ಮೇಲೆ ಬರೆಸಿಕೊಂಡು ಹೊರಟರೆ ಖಾಸಗಿಯವರ ಮುಂದೆ ಕೂತಾಗ ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಖರ್ಚು ಕಮ್ಮಿ. ಪ್ರಾಣಕ್ಕೆ ಅಪಾಯ ಇರುವ ಕೇಸುಗಳು ಮೊದಲು ಹೋಗುವುದರಿಂದ ಕಾಯಬೇಕಾಗುತ್ತದೆ, ಅದು ನ್ಯಾಯವೇ. ಖಾಸಗಿಯಲ್ಲಿ ಅರ್ಧ ಲಕ್ಷದಿಂದ ಒಂದೂವರೆ ಲಕ್ಷದವರೆಗೆ ಕೇಳುವುದು ಸಾಮಾನ್ಯ. ಚರ್ಮ ತೆಗೆಯುವುದಿದ್ದರೆ ಇನ್ನೂ ಏರುತ್ತದೆ. ರೇಟು ಹೇಳಿದಾಗ ಅದರಲ್ಲಿ ಅರಿವಳಿಕೆ ವೈದ್ಯರ ಫೀಸು, ಬನಿಯನ್, ಬಯಾಪ್ಸಿ, ಮುಂದಿನ ಭೇಟಿಗಳು, ಅಕಸ್ಮಾತ್ ರಕ್ತ ಕಟ್ಟಿದರೆ ತೆಗೆಯುವುದು, ಇವೆಲ್ಲ ಸೇರಿವೆಯಾ ಅಂತ ಒಂದೊಂದಾಗಿ ಕೇಳಿ. ಇನ್ಶೂರೆನ್ಸ್‌ನವರು ಇದನ್ನು ಹೆಚ್ಚಾಗಿ ‘ಕಾಸ್ಮೆಟಿಕ್’ ಅಂತ ಪಕ್ಕಕ್ಕೆ ಸರಿಸುತ್ತಾರೆ. ಕೊಡುತ್ತೇವೆ ಅಂದರೆ ಆಪರೇಷನ್ನಿಗೆ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕಂತಿನಲ್ಲಿ ಕಟ್ಟಿ ಅಂತ ಆಸೆ ತೋರಿಸಿ ಅದೇ ದಿನ ಅಡ್ವಾನ್ಸ್ ಕೇಳುವ ಕಡೆ ನಿಲ್ಲಬೇಡಿ.

ಸರ್ಜನ್ನಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಇದೆಯಾ ನೋಡಿ. ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿದೆಯಾ ನೋಡಿ. ನಿಮ್ಮ ಗ್ರೇಡಿನದ್ದೇ ಹಳೆಯ ಕೇಸುಗಳ ಫೋಟೋ ಕೇಳಿ. ಮೊದಲ ವಾರದ್ದಲ್ಲ, ಆರು ತಿಂಗಳಾದ ಮೇಲಿನದ್ದು. ‘ನೀವೇ ಮಾಡ್ತೀರಾ, ಬೇರೆಯವರಾ?’ ಅಂತ ನೇರವಾಗಿ ಕೇಳಿ. ನನ್ನ ಎರಡನೆಯ ಸರ್ಜನ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳಲಿಲ್ಲ. ಪೆನ್ ತೆಗೆದು ನನ್ನ ಎದೆಯ ಮೇಲೇ ಗೆರೆ ಎಳೆದು, ಎಲ್ಲಿ ಕುಯ್ತ, ಎಷ್ಟು ಉಳಿಸುತ್ತೇನೆ ಅಂತ ತೋರಿಸಿದರು. ಅಲ್ಲೇ ನನ್ನ ಭಯ ಅರ್ಧ ಇಳಿಯಿತು.

ಸಿಗರೇಟು, ಬೀಡಿ ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ತೊಟ್ಟಿಗೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯುವ ಅಪಾಯ ಇದೆ. ಈ ವಿಷಯದಲ್ಲಿ ಡಾಕ್ಟರಿಗೆ ಸುಳ್ಳು ಹೇಳಬೇಡಿ.

ಯಾವ ತಿಂಗಳು ಅನ್ನುವುದೂ ನಮಗೆ ಸಣ್ಣ ವಿಷಯ ಅಲ್ಲ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿಂದ, ಅದರ ಹಿಂದೆಯೇ ರೋಬಸ್ಟಾ. ಮಾರ್ಚ್‌ವರೆಗೆ ತೋಟದವರಿಗೆ ಬಿಡುವಿಲ್ಲ, ಐವತ್ತು ಕೆಜಿ ಮೂಟೆಗೆ ಕೈ ಹಾಕದೆ ಇರುವುದು ಕಷ್ಟ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಎತ್ತುವ ಕೆಲಸ ಬೇರೆ. ಮಳೆಗಾಲದಲ್ಲಿ ಬಿಡುವಿದೆ, ಆದರೆ ರಸ್ತೆ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆ ಕುಸಿದು ಬಂದ್ ಆಗಿದ್ದು ಯಾರೂ ಮರೆತಿಲ್ಲ. ಹೊಲಿಗೆ ಬಿಚ್ಚಿಸುವ ದಿನವೇ ಘಾಟಿ ಮುಚ್ಚಿದರೆ? ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿಸುವವರು ಮಂಗಳೂರಿಗಿಂತ ಮೈಸೂರನ್ನೇ ಆರಿಸುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ.

ಬನಿಯನ್ ಎರಡು ತೆಗೆದುಕೊಳ್ಳಿ. ಇದನ್ನು ನನಗೆ ಯಾವ ಕ್ಲಿನಿಕ್ಕೂ ಹೇಳಲಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ಹಾಕಿರಬೇಕಾದ ಬಟ್ಟೆ ಅದು, ಒಗೆದರೆ ಜುಲೈಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ನನ್ನ ಅವ್ವ ಅದನ್ನು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಹಾಕುತ್ತಿದ್ದರು. ಎಲಾಸ್ಟಿಕ್ ಬಿಸಿಗೆ ಸಡಿಲ ಆಗದಿರಲಿ ಅಂತ ಅರ್ಧ ಗಂಟೆಗೊಮ್ಮೆ ಬಂದು ತಿರುಗಿಸಿ ಹಾಕುವರು. ಏನು ಆಪರೇಷನ್, ಯಾಕೆ ಅಂತ ನನಗೆ ಹನ್ನೆರಡು ವರ್ಷ ಹೇಳಲಾಗದೆ ಇದ್ದದ್ದನ್ನು ಅವರು ಆ ಬನಿಯನ್ ನೋಡಿಯೇ ಅರ್ಥ ಮಾಡಿಕೊಂಡಿದ್ದರು.

ಗೋಣಿಕೊಪ್ಪಲಿನ ಹುಡುಗ ಏಪ್ರಿಲ್ ಮೊದಲ ವಾರಕ್ಕೆ ಮೈಸೂರಿನಲ್ಲಿ ದಿನ ಗೊತ್ತು ಮಾಡಿಕೊಂಡಿದ್ದಾನೆ, ಎರಡೂ ಸೇರಿದ ಆಪರೇಷನ್. ಮಳೆ ಹಿಡಿಯುವ ಮೊದಲು ಅವನ ಆರು ವಾರ ಮುಗಿಯುತ್ತದೆ. ಸುಂಟಿಕೊಪ್ಪದವರು ಉದ್ದ ಕಲೆ ಬೇಡ ಅಂದರು. ಮೊದಲ ಹಂತ ಮಾತ್ರ ಮಾಡಿಸಿ ಮುಂದಿನ ಕೊಯ್ಲು ಮುಗಿಯುವವರೆಗೆ ಚರ್ಮ ಎಷ್ಟು ಕುಗ್ಗುತ್ತದೋ ನೋಡುತ್ತಾರಂತೆ. ಅಕ್ಕನ ಮಗನನ್ನು ನಾನೇ ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಅಳತೆ ಬರೆದುಕೊಂಡು, ಆರು ತಿಂಗಳು ಬಿಟ್ಟು ಬಾ ಅಂದಿದ್ದಾರೆ.